ಬಾಣಂತಿಗೆ ಡಬ್ಬದ ತರಕಾರಿ

ನಾಗಮಂಗಲದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಪೋಷಕಾಂಶಗಳ ಪಾಠ ಬಂತೆಂದರೆ ಪ್ರತಿವರ್ಷವೂ ಬೋರ್ಡಿನ ಮಧ್ಯೆ ಒಂದು ಗೆರೆ ಎಳೆದು, ಈ ಕಡೆ ತಾಜಾ ಹಣ್ಣು, ಆ ಕಡೆ ಡಬ್ಬದ ತರಕಾರಿ ಎಂದು ಬರೆಯುತ್ತೇನೆ. ಡಬ್ಬಕ್ಕೆ ತುಂಬುವ ತರಕಾರಿಯನ್ನು ಜೋರು ಬಿಸಿಯಲ್ಲಿ ಬೇಯಿಸುತ್ತಾರೆ, ಆ ಬಿಸಿಗೆ ವಿಟಮಿನ್ ಸಿ ಬಹಳಷ್ಟು ಹಾಳಾಗುತ್ತದೆ. ನಾರಿನಂಶ, ಖನಿಜಗಳು ಬಹುಮಟ್ಟಿಗೆ ಉಳಿಯುತ್ತವೆ, ಜೊತೆಗೆ ಉಪ್ಪು ಸೇರಿಕೊಳ್ಳುತ್ತದೆ. ಅದೇನು ವಿಷವಲ್ಲ, ಹಾಗೆಂದು ಹಣ್ಣಿನ ಜಾಗದಲ್ಲಿ ಕೂರಿಸುವಂಥದ್ದೂ ಅಲ್ಲ. ಇಷ್ಟು ಹೇಳಿ, ಸೀಮೆಸುಣ್ಣದ ಪುಡಿ ಕೊಡವಿಕೊಂಡು, ಯಾರೂ ಪ್ರಶ್ನೆ ಕೇಳುವ ಮೊದಲೇ ಮುಂದಿನ ಪಾಠಕ್ಕೆ ಓಡುವುದು ನನ್ನ ರೂಢಿ.

ಈ ವರ್ಷ ಓಡಲು ಆಗಲಿಲ್ಲ. ಬಿಂಡಿಗನವಿಲೆಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಡಬ್ಬದ ತರಕಾರಿ ತಿಂದ್ರೆ ಬಾಣಂತೀರಿಗೆ ರಕ್ತ ಏರ್ತದಂತಲ್ಲಾ? ನಮ್ಮಕ್ಕಂಗೆ ನಮ್ಮತ್ತೆ ದಿನಾ ಅದ್ನೇ ಕೊಡ್ತಾವ್ರೆ. ಅಣ್ಣು ಮುಟ್ಸಲ್ಲ."

"ಯಾರು ಹೇಳಿದ್ದು ನಿಮ್ಮತ್ತೆಗೆ?" ಎಂದೆ.

"ಬೂಕನಕೆರೇಲಿ ಒಬ್ರು ಅಜ್ಜಿ ಅವ್ರಂತೆ, ಬಾಣಂತನ ಮಾಡೋದ್ರಲ್ಲಿ ಎತ್ತಿದ ಕೈಯಂತೆ. ಅವ್ರ ತಂಗಿ ಮಗಳಿಗೆ ಅಂಗೇ ವಾಸಿ ಆಯ್ತಂತೆ."

ಆ ತಂಗಿ ಮಗಳು ಸೀಮೆಸುಣ್ಣ ಹಿಡಿದುಕೊಂಡು ಅವಳೆದುರಿಗೇ ನಿಂತಿದ್ದಳು. ಅಕ್ಕನಿಗೆ ಹಣ್ಣು ಕೊಡಲೇಬೇಕು, ಮಿಸ್ ಹೇಳಿದರು ಅಂತ ಹೇಳು ಎಂದೆ. ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು. "ನಮ್ಮತ್ತೆ ಮಿಸ್ ಮಾತೆಲ್ಲ ಕೇಳಲ್ಲ ಮಿಸ್. ಆ ಅಜ್ಜಿ ಏಳುದ್ರೆ ಕೇಳ್ತರೆ."

ಬೂಕನಕೆರೆಯಲ್ಲಿ ಹುಟ್ಟಿದ ನನ್ನ ಸುಳ್ಳು ತಾಲ್ಲೂಕು ದಾಟಿ, ಬಸ್ಸು ಹತ್ತಿ, ನನ್ನ ಕ್ಲಾಸಿಗೇ ಬಂದು ಕೂತಿತ್ತು. ಅದು ಹುಟ್ಟಿದ್ದು ಹೀಗೆ.

ಹದಿಮೂರು ವರ್ಷದ ಹಿಂದೆ ನನಗೆ ಮಗಳು ಹುಟ್ಟಿದಳು. ಬಾಣಂತನ ಪಾಂಡವಪುರದಲ್ಲಿ ಅಮ್ಮನ ಮನೆಯಲ್ಲಿ ಆಗಬೇಕಿತ್ತು. ನಾನು ಆಸ್ಪತ್ರೆ ಸೇರುವ ಹಿಂದಿನ ವಾರ ಅಮ್ಮ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಳು. ಹೆರಿಗೆಯ ಸುದ್ದಿ ಸಿಕ್ಕಿದ್ದೇ ತಡ, ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಕಾರು ಮಾಡಿಕೊಂಡು ಬಂದು ನನ್ನನ್ನೂ ಮಗುವನ್ನೂ ಬೂಕನಕೆರೆಗೆ ಎತ್ತಿಕೊಂಡು ಹೋದಳು. ನಮ್ಮ ಕಡೆಯ ಹೆಂಗಸರಲ್ಲಿ ಅರ್ಧಕ್ಕರ್ಧ ಜನರ ಬಾಣಂತನ ದೊಡ್ಡಮ್ಮನದೇ. "ನನ್ ಕೈಲಿ ಎದ್ದೋದ ಬಾಣಂತಿ ಒಬ್ಳೂ ತಿರ್ಗಾ ಆಸ್ಪತ್ರೆ ಮೆಟ್ಲು ಅತ್ನಿಲ್ಲ" ಎನ್ನುವುದು ಅವಳ ಹೆಮ್ಮೆ. ಅದನ್ನು ಅವಳು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದಳು.

ನಾನು ಆ ಹೆಮ್ಮೆಗೆ ಕುತ್ತಾಗಿ ಬಂದವಳು. ನನಗೆ ರಕ್ತ ಕಡಿಮೆಯಿತ್ತು. ಕೆ.ಆರ್. ಪೇಟೆಯಲ್ಲಿ ತೋರಿಸಿದಾಗ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ಕಬ್ಬಿಣದ ಮಾತ್ರೆ ಬರೆದು, ಸೊಪ್ಪು ತಿನ್ನಿ, ಹಣ್ಣು ತಿನ್ನಿ, ಒಂದು ತಿಂಗಳಿಗೆ ಮತ್ತೆ ಬನ್ನಿ ಎಂದರು. ಆಗಲೂ ಏರದಿದ್ದರೆ ಮಂಡ್ಯಕ್ಕೆ ಕಳಿಸಿ ರಕ್ತ ಹಾಕಿಸಬೇಕಾಗುತ್ತದೆ ಎಂದೂ ಸೇರಿಸಿದರು. ದೊಡ್ಡಮ್ಮ ಆ ಕೊನೆಯ ಮಾತನ್ನು ಮಾತ್ರ ಮನಸ್ಸಿಗೆ ಹಾಕಿಕೊಂಡಳು. ಹಣ್ಣು ತಿನ್ನಿ ಎಂದದ್ದು ಅವಳಿಗೆ ಕೇಳಿಸಲೇ ಇಲ್ಲ.

ಮಾತ್ರೆ ತಪ್ಪದೆ ಕೊಟ್ಟಳು, ಅದು ಉಷ್ಣವಂತೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು, ಮೇಲೆ ತುಪ್ಪ, ಯಾವುದಕ್ಕೂ ಕಡಿಮೆಯಿಲ್ಲ. ಹಣ್ಣು ಮಾತ್ರ ಪೂರ್ತಿ ನಿಷೇಧ. ಬಾಳೆಹಣ್ಣು ಶೀತ, ಮೂಸಂಬಿ ಶೀತ, ಕಿತ್ತಳೆ ತಿಂದರೆ ಮಗುವಿಗೆ ಕೆಮ್ಮು, ದ್ರಾಕ್ಷಿಗೆ ಗಂಟಲು ಕಟ್ಟುತ್ತದೆ, ಪರಂಗಿಯ ಹೆಸರೇ ಎತ್ತಬಾರದು. ತಮಾಷೆ ಏನೆಂದರೆ, ಮಗು ನೋಡಲು ಬಂದವರೆಲ್ಲ ತರುತ್ತಿದ್ದುದು ಹಣ್ಣನ್ನೇ. ನಮ್ಮ ಕಡೆ ಬಾಣಂತಿಯನ್ನು ಬರಿಗೈಯಲ್ಲಿ ನೋಡಲು ಹೋಗುವಂತಿಲ್ಲ, ತಂದದ್ದನ್ನು ಬಾಣಂತಿ ತಿನ್ನುವಂತೆಯೂ ಇಲ್ಲ. ಸೇಬು, ಮೂಸಂಬಿ ನನ್ನ ಮಂಚದೆದುರಿನ ಗೋಡೆ ಗೂಡಿನಲ್ಲಿ ಎರಡು ದಿನ ಮೆರೆದು, ಮೂರನೆಯ ದಿನ ಬೀದಿ ಮಕ್ಕಳ ಪಾಲಾಗುತ್ತಿದ್ದವು. ಬಾಡಿದ್ದು ಕರುವಿಗೆ. ಆ ತಿಂಗಳು ದೊಡ್ಡಮ್ಮನ ಮನೆಯ ಕರುವಿಗೆ ಸಿಕ್ಕಷ್ಟು ವಿಟಮಿನ್ ಸಿ ನನಗೆ ಸಿಗಲಿಲ್ಲ.

ನಾನು ಸುಮ್ಮನಿದ್ದೆ ಅಂದುಕೊಳ್ಳಬೇಡಿ. ಆಗಿನ್ನೂ ಹೊಸ ಕೆಲಸ, ಹೊಸ ಬಿಸಿ. ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಕಿವಿಗೆ ಹತ್ತಿ ತುರುಕಿಸಿಕೊಂಡು, ಮಂಚದ ಮೇಲಿಂದಲೇ ಪಾಠ ಶುರು ಮಾಡಿದೆ. "ದೊಡ್ಡಮ್ಮ, ಸೊಪ್ಪಿನಲ್ಲಿರೋ ಕಬ್ಬಿಣ ಮೈಗೆ ಹತ್ತಬೇಕು ಅಂದ್ರೆ ವಿಟಮಿನ್ ಸಿ ಬೇಕು. ಅದು ಹಣ್ಣಿನಲ್ಲಿರುತ್ತೆ. ಸೀಬೆಹಣ್ಣಿನಲ್ಲಂತೂ ತುಂಬ."

"ಸೀಬೆ!" ದೊಡ್ಡಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಅದ್ಕಿಂತ ಶೀತ ಇನ್ನೊಂದಿಲ್ಲ ಕಣವ್ವ. ನಿಮ್ ಇಸ್ಕೂಲ್ ಪಾಠ ಇಸ್ಕೂಲ್ ಮಕ್ಳಿಗೆ ಏಳು. ಅವ್ರೇನು ಎತ್ತವ್ರಾ?"

ಅಲ್ಲಿಗೆ ನನ್ನ ಬಿ.ಎಸ್ಸಿ., ಬಿ.ಎಡ್. ಮುಗಿಯಿತು. ಕಿಟಕಿಯ ಆಚೆ ಹಿತ್ತಲಲ್ಲಿ ಸೀಬೆಗಿಡ ಹಣ್ಣು ತುಂಬಿಕೊಂಡು ನಿಂತಿತ್ತು. ಗಾಳಿ ಬೀಸಿದಾಗ ವಾಸನೆ ಸೀದಾ ಮಂಚಕ್ಕೆ ಬರುತ್ತಿತ್ತು. ಗಿಣಿಗಳು ಬಂದು ಕಚ್ಚಿ ಅರ್ಧಕ್ಕೇ ಬಿಟ್ಟು ಹೋಗುವುದನ್ನು ನೋಡುತ್ತ ಒಂದು ದಿನ ನಿಜವಾಗಿಯೂ ಅತ್ತುಬಿಟ್ಟೆ. ಓದಿದ ಹೆಂಗಸು ಒಂದು ಸೀಬೆಹಣ್ಣಿಗೆ ಅಳುವುದೇ ಎಂದು ಈಗ ನಗು ಬರುತ್ತದೆ. ಆಗ ಬರಲಿಲ್ಲ.

ನಾನು ಅತ್ತಿದ್ದನ್ನು ದೊಡ್ಡಪ್ಪ ನೋಡಿದ. ಸೈನ್ಯದಲ್ಲಿದ್ದು ನಿವೃತ್ತನಾಗಿ ಬಂದವನು, ಮಾತು ಕಡಿಮೆ. ಮನೆಯಲ್ಲಿ ಅವನ ಅಧಿಕಾರ ಟ್ರಾನ್ಸಿಸ್ಟರಿನಿಂದ ಹಿಡಿದು ಹಿತ್ತಲ ಬೇಲಿಯವರೆಗೆ. ಅಡುಗೆಮನೆ, ಬಾಣಂತಿ ಕೋಣೆ ಅವನಿಗೆ ಸೇರಿದ್ದಲ್ಲ. ಮಾರನೆಯ ದಿನ ಬೆಳಿಗ್ಗೆ ಅವನು ಮೈಸೂರಿಗೆ ಹೋಗಿ ಮಾಜಿ ಸೈನಿಕರ ಕ್ಯಾಂಟೀನಿನಿಂದ ಒಂದು ಚೀಲ ತುಂಬ ಡಬ್ಬ ತಂದ. ಬಟಾಣಿ, ಕ್ಯಾರೆಟ್ಟು, ಬೀನ್ಸು ಬೆರೆತ ತರಕಾರಿ. ಡಬ್ಬದ ಮೇಲಿನ ಚಿತ್ರದಲ್ಲಿದ್ದಷ್ಟು ಹಸಿರು ಬಟಾಣಿಯನ್ನು ನಾನು ಗಿಡದ ಮೇಲೂ ಕಂಡಿಲ್ಲ.

"ಇದ್ಯಾತರದು?" ಎಂದಳು ದೊಡ್ಡಮ್ಮ.

"ಬಾಣಂತಿಗೆ ಕಣೆ. ತರ್ಕಾರಿ."

ದೊಡ್ಡಮ್ಮ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಅವಳ ಬಳಿ ಜಗತ್ತಿನ ಎಲ್ಲ ತಿನಿಸಿಗೂ ಒಂದೊಂದು ತೀರ್ಪಿತ್ತು, ಇದಕ್ಕೆ ಇರಲಿಲ್ಲ. ಅವಳ ಅವ್ವನಾಗಲಿ ಅತ್ತೆಯಾಗಲಿ ಡಬ್ಬದ ಬಗ್ಗೆ ಏನೂ ಹೇಳಿಕೊಟ್ಟಿರಲಿಲ್ಲ.

"ಬೆಂಕಿ ಕಂಡದಾ ಇದು?"

"ಚೆನ್ನಾಗಿ ಬೇಯ್ಸಿ ಮುಚ್ಚವ್ರೆ. ಒಳಕ್ಕೆ ಗಾಳಿನೂ ಓಗಲ್ಲ."

"ಶೀತ?"

ದೊಡ್ಡಪ್ಪ ಆಗ ಹೇಳಿದ ಮಾತು ನಮ್ಮ ಮನೆತನದ ಚರಿತ್ರೆಯನ್ನೇ ಬದಲಿಸಿತು. "ಲೇ, ಮಂಜುಗಡ್ಡೆ ಮೇಲೆ ಕೂತ್ಕೊಂಡು ಇದ್ನೇ ತಿಂತಿದ್ವಿ ಕಣೆ ನಾವು. ಒಬ್ಬಂಗಾದ್ರೂ ಶೀತ ಆಯ್ತಾ ಕೇಳು."

ದೊಡ್ಡಮ್ಮ ಯೋಚಿಸಿದಳು. ಮಂಜಿನ ಬೆಟ್ಟದ ಮೇಲೆ ಗಂಡಸರನ್ನು ಬೆಚ್ಚಗಿಟ್ಟ ಪದಾರ್ಥ ಎಂದ ಮೇಲೆ ಅದು ಉಷ್ಣವೇ ಇರಬೇಕು. ಅವಳ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ವಿಜ್ಞಾನದ ಟೀಚರಾದ ನನಗೇ ಒಂದು ಗಳಿಗೆ ಸರಿ ಅನ್ನಿಸಿತು. ಅಪ್ಪಣೆ ಸಿಕ್ಕಿತು, ಒಂದು ಷರತ್ತಿನ ಮೇಲೆ. "ಮಿಲ್ಟ್ರಿ ಡಬ್ಬ, ಯಾವ್ಯಾವ ಮಾಂಸದ್ ಜೊತೆ ಇಟ್ಟಿದ್ರೋ ಏನೋ. ನಾನು ಸೋಮವಾರ ಮಾಡೋಳು, ಮುಟ್ಟಲ್ಲ. ತೆಗ್ಯೋದು, ಕೊಡೋದು, ತೊಳ್ಯೋದು ಎಲ್ಲಾ ನೀವೇ ಮಾಡ್ಕಳಿ."

ಮೊದಲ ದಿನ ಡಬ್ಬದ ತರಕಾರಿ ನಿಜವಾಗಿಯೂ ತಿಂದೆ. ರುಚಿ ಒದ್ದೆ ಸ್ಲೇಟನ್ನು ನೆಕ್ಕಿದ ಹಾಗಿತ್ತು. ಎರಡನೆಯ ದಿನ ದೊಡ್ಡಪ್ಪ ಅದೇ ಡಬ್ಬವನ್ನು ಹೊಸ್ತಿಲಲ್ಲಿಟ್ಟು, ಗೋಡೆಯಾಚೆ ನಿಂತು ಕೆಮ್ಮಿದ. ಮುಚ್ಚಳ ಎತ್ತಿ ನೋಡಿದರೆ ಒಳಗೆ ಸೀಬೆಹಣ್ಣಿನ ಹೋಳು. ನೀಟಾಗಿ ಹೆಚ್ಚಿ, ಚಿಟಿಕೆ ಉಪ್ಪು ಉದುರಿಸಿದ್ದ.

"ಬಟಾಣಿ ಬೆಂದವಾ ನೋಡವ್ವ," ಎಂದ ಜೋರಾಗಿ.

"ಚೆನ್ನಾಗಿ ಬೆಂದವೆ ದೊಡ್ಡಪ್ಪ," ಎಂದೆ. ಬಾಯಿ ತುಂಬಿತ್ತು.

ಅಲ್ಲಿಂದ ಮುಂದೆ ಪ್ರತಿದಿನ ಇದೇ ನಾಟಕ. ಒಂದು ದಿನ ಬೀನ್ಸು ಎನ್ನುತ್ತಿದ್ದ, ಒಂದು ದಿನ ಕ್ಯಾರೆಟ್ಟು. ನಡುನಡುವೆ ಗೂಡಿನಿಂದ ಮಾಯವಾದ ಕಿತ್ತಳೆಯ ತೊಳೆಗಳೂ ಡಬ್ಬದಲ್ಲಿ ಬರುತ್ತಿದ್ದವು. ನಿಜವಾದ ತರಕಾರಿಯನ್ನು ಬಿಸಾಡಲು ಮನಸ್ಸು ಬಾರದೆ ಅವನೇ ಹಿತ್ತಲಲ್ಲಿ ಕೂತು ನುಂಗುತ್ತಿದ್ದ. ಸೈನ್ಯದಲ್ಲಿ ಅಷ್ಟು ವರ್ಷ ತಿಂದದ್ದು ಸಾಲದು ಅಂತ ಊರಿಗೆ ಬಂದ ಮೇಲೂ ನನ್ನಿಂದ ಆ ಶಿಕ್ಷೆ. ಒಂದು ಸಲ ಅಡುಗೆಮನೆಯಿಂದ ದೊಡ್ಡಮ್ಮ ಕೂಗಿದಳು: "ಏನದು ಕರಂ ಕರಂ ಅಂತದೆ?"

"ಕ್ಯಾರೆಟ್ಟು ಕಣೆ," ಎಂದು ದೊಡ್ಡಪ್ಪ ಉತ್ತರ ಕೊಟ್ಟ.

ಇನ್ನೊಂದು ಸಲ ಪಕ್ಕದ ಮನೆಯಾಕೆ ಕೋಣೆಗೆ ಬಂದವಳೇ, "ಏನ್ ಸೀಬೆಹಣ್ಣಿನ್ ವಾಸ್ನೆ ಇಂಗೆ!" ಎಂದುಬಿಟ್ಟಳು. ಡಬ್ಬ ನನ್ನ ಕಂಬಳಿಯೊಳಗಿತ್ತು. ದೊಡ್ಡಮ್ಮ ಕಿಟಕಿಯ ಕಡೆ ಕೈ ತೋರಿಸಿ, "ಗಿಡ ಇಲ್ಲೇ ಅದಲ್ಲ ಕಣವ್ವ. ಪಾಪ, ಈ ಮಗ ವಾಸ್ನೇಲೇ ಒಟ್ಟೆ ತುಂಬುಸ್ಕಬೇಕು" ಎಂದು ನನ್ನ ತಲೆ ಸವರಿದಳು. ಅವಳ ಕೈ ಬೆಚ್ಚಗಿತ್ತು. ನನಗೆ ನಾಚಿಕೆಯಾಯಿತು. ಆದರೂ ಅವಳು ಆಚೆ ಹೋದ ಮೇಲೆ ಉಳಿದ ಎರಡು ಹೋಳನ್ನು ತಿಂದೇ ಮುಗಿಸಿದೆ.

ತಿಂಗಳು ತುಂಬಿತು. ಕೆ.ಆರ್. ಪೇಟೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಏರಿತ್ತು. ಡಾಕ್ಟರಮ್ಮ ಮಂಡ್ಯದ ಮಾತನ್ನೇ ಎತ್ತಲಿಲ್ಲ. ಮಾತ್ರೆಯಿಂದ ಎಷ್ಟು, ಸೊಪ್ಪಿನಿಂದ ಎಷ್ಟು, ಸೀಬೆಯಿಂದ ಎಷ್ಟು ಎಂದು ಭಾಗ ಮಾಡಿ ಹೇಳಲು ನನಗೂ ಬರುವುದಿಲ್ಲ. ಬಹುಶಃ ಮಾತ್ರೆಯದೇ ದೊಡ್ಡ ಪಾಲು. ಆದರೆ ದೊಡ್ಡಮ್ಮನಿಗೆ ಯಾವ ಅನುಮಾನವೂ ಇರಲಿಲ್ಲ. ಮನೆಗೆ ಬಂದವಳೇ ಮಗುವಿಗೆ, ನನಗೆ, ಕೊನೆಗೆ ಆ ಡಬ್ಬಕ್ಕೂ ದೃಷ್ಟಿ ತೆಗೆದಳು. ಖಾಲಿ ಡಬ್ಬಗಳಿಗೆ ದೊಡ್ಡಪ್ಪನ ಕೈಲಿ ಮಣ್ಣು ತುಂಬಿಸಿ, ದೊಡ್ಡಪತ್ರೆ ನೆಡಿಸಿ, ಜಗಲಿಯುದ್ದಕ್ಕೂ ಇಡಿಸಿದಳು.

ಆಮೇಲೆ ಡಬ್ಬದ ಕೀರ್ತಿ ಬೆಳೆಯಿತು. ಶ್ರೀರಂಗಪಟ್ಟಣದಲ್ಲಿ ಅಣ್ಣನ ಹೆಂಡತಿಗೆ ಹೆರಿಗೆಯಾದಾಗ ದೊಡ್ಡಪ್ಪ ಚೀಲ ಹೊತ್ತುಕೊಂಡು ಹೋದ. ಪಾಂಡವಪುರದಲ್ಲಿ ಚಿಕ್ಕಪ್ಪನ ಮಗಳಿಗೂ ಡಬ್ಬ. ಅವರೆಲ್ಲರೂ ತಿಂದದ್ದು ಬರೀ ಡಬ್ಬದ ತರಕಾರಿ. ಬೇರೆ ಊರಿನ ಮನೆಗಳಲ್ಲಿ ನಾಟಕ ಆಡಲು ದೊಡ್ಡಪ್ಪನಿಗೆ ಧೈರ್ಯವಿರಲಿಲ್ಲ. ಅತ್ತಿಗೆ ಒಮ್ಮೆ ಫೋನಿನಲ್ಲಿ, "ಅದ್ ಎಂಗಮ್ಮ ತಿಂದೆ ನೀನು, ಗಂಟ್ಲಲ್ಲಿ ಇಳಿಯಲ್ವಲ್ಲ" ಎಂದಾಗ, "ಅಭ್ಯಾಸ ಆಗತ್ತೆ ಅತ್ತಿಗೆ" ಎಂದೆ. ಎಂಥ ನಾಲಿಗೆ ನನ್ನದು! ಅವರೆಲ್ಲ ಗಟ್ಟಿಮುಟ್ಟಾಗಿದ್ದವರು, ಹೇಗೋ ಎದ್ದು ಓಡಾಡಿದರು, ಅದರ ಪುಣ್ಯವೂ ಡಬ್ಬಕ್ಕೇ ಹೋಯಿತು. ಬಾಯಿಬಿಟ್ಟರೆ ದೊಡ್ಡಪ್ಪನ ಮಾನ ಹೋಗುತ್ತದೆ, ದೊಡ್ಡಮ್ಮನ ಮನಸ್ಸು ನೋಯುತ್ತದೆ ಎಂದು ನೆಪ ಹೇಳಿಕೊಂಡು ಹದಿಮೂರು ವರ್ಷ ತಳ್ಳಿದೆ. ಕ್ಲಾಸಿನಲ್ಲಿ ಮಾತ್ರ ಬೋರ್ಡಿನ ಮಧ್ಯೆ ಗೆರೆ ಎಳೆಯುತ್ತಲೇ ಇದ್ದೆ.

ಬಿಂಡಿಗನವಿಲೆಯ ಹುಡುಗಿ ಕೇಳಿದ ವಾರವೇ ಭಾನುವಾರ ಬೂಕನಕೆರೆಗೆ ಹೋದೆ. ಹೋಗಲು ಬೇರೆ ಕಾರಣವೂ ಇತ್ತು. ದೊಡ್ಡಮ್ಮನ ಕಿರಿಯ ಸೊಸೆಗೆ ಮಗುವಾಗಿ ಇಪ್ಪತ್ತು ದಿನವಾಗಿತ್ತು. ತಾಯಿಯಿಲ್ಲದ ಹುಡುಗಿ, ಹಾಗಾಗಿ ಬಾಣಂತನವೂ ಅತ್ತೆ ಮನೆಯಲ್ಲೇ. ನಾನೂ ಎಲ್ಲರಂತೆ ಒಂದು ಚೀಲ ಕಿತ್ತಳೆ ತೆಗೆದುಕೊಂಡೇ ಹೋದೆ.

ಅದೇ ಕೋಣೆ, ಅದೇ ಮಂಚ. ಆ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ರಕ್ತ ಏರಿಲ್ಲ, ಇನ್ನು ಹತ್ತು ದಿನ ನೋಡಿ ಮಂಡ್ಯ ಎಂದಿದ್ದಾರೆ ಅಕ್ಕ ಎಂದಳು. ಮಾತ್ರೆ ಕೇಳಿದರೆ ಹೊಟ್ಟೆ ತೊಳಸುತ್ತದೆ ಎಂದು ಅರ್ಧ ಬಿಟ್ಟಿದ್ದಳು. ಎದುರಿಗೆ ತಟ್ಟೆಯಲ್ಲಿ ಅಸಲಿ ಬಟಾಣಿ, ಅಸಲಿ ಕ್ಯಾರೆಟ್ಟು. ಸೊಸೆಯ ಕೋಣೆಯ ಮುಂದೆ ನಿಂತು ಹಳೆಯ ನಾಟಕ ಆಡುವ ಸಲಿಗೆ ದೊಡ್ಡಪ್ಪನಿಗೆ ಇರಲಿಲ್ಲ. ಅವಳು ಅದನ್ನು ಬೆರಳಲ್ಲಿ ಆಚೆ ಈಚೆ ತಳ್ಳುತ್ತ ಕಿಟಕಿಯ ಕಡೆ ನೋಡುತ್ತಿದ್ದಳು. ಏನು ನೋಡುತ್ತಿದ್ದಾಳೆಂದು ನಾನು ಕೇಳಬೇಕಾಗಿರಲಿಲ್ಲ.

"ತಿನ್ನು ಮಗ," ಎಂದು ದೊಡ್ಡಮ್ಮ ಗೋಗರೆಯುತ್ತಿದ್ದಳು. "ನಿಮ್ಮಕ್ಕನ ನೋಡು, ಇದ್ನೇ ತಿಂದು ಎಂಗೆ ಕೆಂಪುಗಾದ್ಲು." ನನ್ನ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. "ನಿಂಗೆ ಇಡುದ್ದು ಇವ್ಳಿಗ್ಯಾಕ್ ಇಡೀತಿಲ್ವವ್ವ? ನನ್ ಕೈಯೇ ಕೆಟ್ಟೋಯ್ತಾ?"

ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ಪಾಪ ಅನ್ನಿಸಿತು. ಹೇಳಿಬಿಟ್ಟೆ. ಡಬ್ಬದಲ್ಲಿ ನಾನು ತಿಂದದ್ದು ಸೀಬೆಹಣ್ಣು, ಕಿತ್ತಳೆ. ಬಟಾಣಿ ತಿಂದದ್ದು ದೊಡ್ಡಪ್ಪ. ಮೊದಲ ದಿನದ ಹೊರತು ಇಡೀ ತಿಂಗಳು. ನಿನ್ನ ಕೈ ಕೆಟ್ಟಿಲ್ಲ ದೊಡ್ಡಮ್ಮ, ಕೆಟ್ಟವಳು ನಾನು.

ದೊಡ್ಡಪ್ಪ ಜಗಲಿಯಲ್ಲಿ ಡಬ್ಬ ತೆರೆಯುವ ಓಪನರು ಒರೆಸುತ್ತ ಕೂತಿದ್ದ. ದೊಡ್ಡಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಇವ್ಳು ಏಳ್ತಿರೋದು ದಿಟವಾ?"

"ಊಂ," ಎಂದ ದೊಡ್ಡಪ್ಪ, ಓಪನರನ್ನು ಇನ್ನಷ್ಟು ಒರೆಸುತ್ತ.

ಇನ್ನು ಮನೆ ಹಾರಿಹೋಗುವಂತೆ ಬಯ್ಯುತ್ತಾಳೆ ಎಂದು ನಾನು ಕಾದೆ. ಬಯ್ಯಲಿಲ್ಲ. ಹೊಸ್ತಿಲ ಮೇಲೆ ಮೆಲ್ಲಗೆ ಕೂತಳು.

"ನಾನು ನಾಕು ಎತ್ತೆ," ಎಂದಳು. "ಮೂರು ಸಲ ನೀವು ಬಾರ್ಡರ್‌ನಲ್ಲಿದ್ರಿ, ಅದು ಬುಡಿ. ಕಿರಿಯವ್ನ ಎತ್ತಾಗ ಮನೇಲೇ ಇದ್ರಲ್ಲಾ. ಇದೇ ಮಂಚ, ಇದೇ ಕಿಟ್ಕಿ, ಇದೇ ಗಿಡ. ನಿಮ್ಮವ್ವ ನಂಗೆ ಒಂದೋಳು ಅಣ್ಣು ಕೊಡ್ನಿಲ್ಲ. ಗಿಣಿ ತಿನ್ನೋದ ನೋಡ್ಕೊಂಡು ಮಲ್ಗಿದ್ದೆ. ನನ್ ತಂಗಿ ಮಗಳಿಗೆ ಮಾಡಿದ ಉಪಾಯವ ಆವತ್ತು ನಂಗೆ ಯಾಕ್ ಮಾಡ್ನಿಲ್ಲ?"

ದೊಡ್ಡಪ್ಪ ಓಪನರನ್ನು ಕೆಳಗಿಟ್ಟು ಹೇಳಿದ: "ನೀನು ಕೇಳ್ನಿಲ್ವಲ್ಲೇ."

"ಇವ್ಳು ಕೇಳಿದ್ಲಾ?"

ನಾನು ಕೇಳಿರಲಿಲ್ಲ. ಅತ್ತಿದ್ದೆ ಅಷ್ಟೇ. ದೊಡ್ಡಪ್ಪ ತಲೆ ತಗ್ಗಿಸಿಕೊಂಡು ಎದ್ದು, ಮೂಲೆಯಲ್ಲಿದ್ದ ಹಣ್ಣು ಕೀಳುವ ದೋಟಿ ಹಿಡಿದು ಹಿತ್ತಲಿಗೆ ಹೋದ.

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ತಂದಿದ್ದ ಚೀಲದಿಂದ ಒಂದು ಕಿತ್ತಳೆ ತೆಗೆದು ತಾನೇ ಸಿಪ್ಪೆ ಸುಲಿದು, ನಾರು ಬಿಡಿಸಿ, ಸೊಸೆಯ ಕೈಗಿಟ್ಟಳು. "ತಿನ್ನು. ಶೀತ ಆದ್ರೆ ನಾನಿವ್ನಿ. ಮಾತ್ರೆನೂ ಬುಡಬ್ಯಾಡ, ಡಾಕ್ಟ್ರಮ್ಮನ ಕೇಳಿ ಬೇರೆ ಬರುಸ್ಕಳವ." ಹುಡುಗಿ ಒಮ್ಮೆ ಅತ್ತೆಯ ಮುಖ, ಒಮ್ಮೆ ನನ್ನ ಮುಖ ನೋಡಿ, ಯಾರಾದರೂ ಕಸಿದುಕೊಂಡಾರು ಎಂಬಂತೆ ಗಬಗಬ ತಿಂದಳು. ಕಂಬಳಿಯೊಳಗೆ ಡಬ್ಬ ಅಡಗಿಸಿಕೊಂಡು ನಾನೂ ಹಾಗೇ ತಿನ್ನುತ್ತಿದ್ದೆ.

ಆಮೇಲೆ ನನ್ನಿಂದಲೇ ಫೋನ್ ಹಚ್ಚಿಸಿ ಶ್ರೀರಂಗಪಟ್ಟಣಕ್ಕೆ, ಪಾಂಡವಪುರಕ್ಕೆ, ಯಾರದೋ ಮೂಲಕ ನಂಬರು ಹುಡುಕಿಸಿ ಬಿಂಡಿಗನವಿಲೆಯ ಆ ಅತ್ತೆಗೂ ಹೊಸ ಅಪ್ಪಣೆ ಹೊರಡಿಸಿದಳು. ಬಾಣಂತಿಗೆ ಹಣ್ಣು ಕೊಡಬೇಕು, ಡಬ್ಬ ಬೇಕಾಗಿಲ್ಲ. ಶೀತ ಆಗಲ್ವಾ ಎಂದು ಆ ಕಡೆಯಿಂದ ಕೇಳಿದರು ಅಂತ ಕಾಣುತ್ತದೆ. "ಅದು ಆಗ್ಲಿನ್ ಅಣ್ಣು ಕಣವ್ವ. ಈಗ್ಲಿನ್ ಅಣ್ಣಿಗೆ ಶೀತ ಇಲ್ಲ," ಎಂದು ಫೋನಿಟ್ಟಳು. ನನ್ನ ಕಡೆ ತಿರುಗಿ ಕಣ್ಣು ಬಿಟ್ಟಳು. ವಿಜ್ಞಾನದ ಟೀಚರು ಬಾಯಿ ಮುಚ್ಚಿಕೊಂಡಿದ್ದಳು.

ಅಷ್ಟರಲ್ಲಿ ದೊಡ್ಡಪ್ಪ ಹಿತ್ತಲಿನಿಂದ ಬಂದ. ಕೈಯಲ್ಲಿ ಒಂದು ಡಬ್ಬ. ದೊಡ್ಡಮ್ಮನ ದವಡೆ ಹಲ್ಲುಗಳು ಬಿದ್ದು ಬಹಳ ಕಾಲವಾಗಿತ್ತು. ಅದಕ್ಕೇ ಹಣ್ಣಾದ ಸೀಬೆಯನ್ನೇ ಆರಿಸಿ, ಬೀಜ ತೆಗೆದು, ತಿರುಳನ್ನಷ್ಟೇ ಚಮಚದಲ್ಲಿ ಹಿಸುಕಿ, ಚಿಟಿಕೆ ಉಪ್ಪು ಹಾಕಿದ್ದ. ಹಿಂದೆ ನನಗೆ ಇಡುತ್ತಿದ್ದ ಹಾಗೆಯೇ ಹೊಸ್ತಿಲಲ್ಲಿಟ್ಟು, ಗೋಡೆಯಾಚೆ ನಿಂತ.

"ಬಟಾಣಿ ಬೆಂದವಾ ನೋಡು," ಎಂದ.

ದೊಡ್ಡಮ್ಮ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಸೋಮವಾರ ಮಾಡುವವಳು, ಆ ಷರತ್ತು ಹಾಕಿದಂದಿನಿಂದ ಅದನ್ನು ಮುಟ್ಟಿರಲಿಲ್ಲ. ಒಂದು ಚಮಚ ಬಾಯಿಗಿಟ್ಟುಕೊಂಡಳು.

"ಮೂವತ್ತು ವರ್ಸ ತಡ ಆಯ್ತು ಕಣ್ರೀ," ಎಂದಳು. ಆದರೆ ಡಬ್ಬ ಖಾಲಿಯಾಗುವವರೆಗೆ ಕೆಳಗಿಡಲಿಲ್ಲ, ನಮಗ್ಯಾರಿಗೂ ಒಂದು ಚಮಚ ಕೊಡಲೂ ಇಲ್ಲ.